ಬದುಕಿದ್ದವರನ್ನು ಕೊಲ್ಲುವ ಯುದ್ಧ ಚಿತ್ರಗಳು

ಸಂಪಾದಕರಿಗೆ,

ಮಾನ್ಯರೇ,

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಾಚರಣೆಯ ಆಸುಪಾಸಿನಲ್ಲಿ ಯುದ್ಧದ ಕಥೆಯ ದೊಡ್ಡ ಚಿತ್ರವೊಂದು ಬೆಂಗಳೂರಿನ ಚಿತ್ರಮಂದಿರಗಳಿಗೆ ಬರುವುದು ಈಗ ವಾಡಿಕೆಯಂತಾಗಿದೆ. ಅದರ ಬೆನ್ನಿಗೇ ಪತ್ರಿಕೆಗಳಲ್ಲಿ ವಿಮರ್ಶೆಗಳು ಬರುತ್ತವೆ. ಛಾಯಾಗ್ರಹಣ ಹೇಗಿದೆ, ಸಾಹಸ ದೃಶ್ಯಗಳು ಎಷ್ಟು ಕಳೆಗಟ್ಟಿವೆ, ದ್ವಿತೀಯಾರ್ಧ ಎಲ್ಲಿ ಎಳೆದಾಡಿದೆ ಎಂಬುದನ್ನೆಲ್ಲ ಅವು ಚೆನ್ನಾಗಿಯೇ ತೂಗಿ ಹೇಳುತ್ತವೆ. ಆದರೆ ಪೋಸ್ಟರಿನ ಮೇಲೆ ‘ನೈಜ ಘಟನೆ ಆಧಾರಿತ’ ಎಂದು ಬರೆದುಕೊಂಡ ಚಿತ್ರದಲ್ಲಿ ನೈಜವಾದದ್ದು ಎಷ್ಟು, ಕಾದಾಡಿದವರು ಯಾರು, ಮಡಿದವರು ಯಾರು, ಬದುಕಿ ಬಂದವರು ಯಾರು ಎಂದು ಕೇಳುವ ವಿಮರ್ಶೆ ಅಪರೂಪ. ಕಾಲೇಜಿನಲ್ಲಿ ಇತಿಹಾಸ ಬೋಧಿಸಿ ನಿವೃತ್ತನಾದವನಾಗಿ, ಯುದ್ಧ ಚಿತ್ರಗಳನ್ನು ಆಸೆಯಿಂದ ನೋಡುವ ಪ್ರೇಕ್ಷಕನೂ ಆಗಿ, ಈ ವಿಷಯವನ್ನು ತಮ್ಮ ಓದುಗರ ಮುಂದೆ ಇಡಬೇಕೆಂದು ನನಗೆ ಬಹಳ ಕಾಲದಿಂದ ಅನ್ನಿಸುತ್ತಿತ್ತು.

ಸಿನಿಮಾದವರು ಏನನ್ನೂ ಕಲ್ಪಿಸಿಕೊಳ್ಳಬಾರದೆಂದು ನಾನು ವಾದಿಸುತ್ತಿಲ್ಲ. ಹಲವು ದಿನಗಳ ಕಾಳಗವನ್ನು ಎರಡೂವರೆ ಗಂಟೆಗೆ ಇಳಿಸುವಾಗ ಸಂಭಾಷಣೆಯನ್ನು ಹೊಸದಾಗಿ ಬರೆಯಬೇಕಾಗುತ್ತದೆ, ಮೂರು ನಾಲ್ಕು ಅಧಿಕಾರಿಗಳ ಕೆಲಸವನ್ನು ಒಬ್ಬನಿಗೆ ಹೊರಿಸಬೇಕಾಗುತ್ತದೆ, ಮನೆಯವರ ಪತ್ರಗಳನ್ನು ಊಹಿಸಿಕೊಳ್ಳಬೇಕಾಗುತ್ತದೆ. ಇದನ್ನು ತಿಳಿದವರು ಯಾರೂ ಆಕ್ಷೇಪಿಸಲಾರರು. ನಾಯಕನನ್ನು ಇನ್ನಷ್ಟು ದೊಡ್ಡವನನ್ನಾಗಿ ಮಾಡುವ ಉತ್ಸಾಹದಲ್ಲಿ ಮೂಲಸಂಗತಿಗಳನ್ನೇ ತಿದ್ದುವುದು, ಅದೇ ಉತ್ಸಾಹದಲ್ಲಿ ಆ ಮನುಷ್ಯನ ಕುಂದುಕೊರತೆಗಳನ್ನೆಲ್ಲ ಒರೆಸಿಹಾಕುವುದು, ಇವೆರಡರ ಬಗ್ಗೆ ನನ್ನ ಆಕ್ಷೇಪವಿದೆ. ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಾಣುವ ಈ ಎರಡು ತಪ್ಪುಗಳೂ ಒಂದೇ ಅಪನಂಬಿಕೆಯಿಂದ ಹುಟ್ಟುತ್ತವೆ. ನಡೆದದ್ದನ್ನು ನಡೆದಂತೆ ತೋರಿಸಿದರೆ ಪ್ರೇಕ್ಷಕ ಆ ವೀರನನ್ನು ಗೌರವಿಸಲಾರ ಎಂಬ ಅಪನಂಬಿಕೆ ಅದು.

1997ರಲ್ಲಿ ತೆರೆಕಂಡ ‘ಬಾರ್ಡರ್’ ಚಿತ್ರವನ್ನೇ ನೋಡಿ. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೇವಾಲಾ ಠಾಣೆಯ ಮೇಲೆ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿ ಬಂದಾಗ, ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ನೇತೃತ್ವದಲ್ಲಿ ಪಂಜಾಬ್ ರೆಜಿಮೆಂಟಿನ 23ನೇ ಬೆಟಾಲಿಯನ್ನಿನ ಒಂದು ಕಂಪನಿ, ಅಂದರೆ ಸುಮಾರು 120 ಮಂದಿ, ಗಡಿ ಭದ್ರತಾ ಪಡೆಯ ಕೆಲವು ಜವಾನರನ್ನು ಜೊತೆಗಿಟ್ಟುಕೊಂಡು ರಾತ್ರಿಯಿಡೀ ಠಾಣೆ ಬಿಡದೆ ನಿಂತಿತು. ಬೆಳಕು ಹರಿಯುತ್ತಲೇ ಜೈಸಲ್ಮೇರಿನಿಂದ ಹಾರಿಬಂದ ವಾಯುಪಡೆಯ ಹಂಟರ್ ವಿಮಾನಗಳು ಮರಳಿನ ಬಯಲಿನಲ್ಲಿ ಮರೆಯಿಲ್ಲದೆ ನಿಂತಿದ್ದ ಟ್ಯಾಂಕುಗಳನ್ನು ಬೇಟೆಯಾಡಿದವು. ನಮ್ಮ ಕಡೆ ಆ ಕಾಳಗದಲ್ಲಿ ಮಡಿದವರು ಇಬ್ಬರು. ಯುದ್ಧದ ಇತಿಹಾಸ ಓದಿದವರಿಗೆ ಇದಕ್ಕಿಂತ ಬೆರಗಿನ ಸಂಗತಿ ಬೇಕಿಲ್ಲ. ಓಡಿಹೋಗದೆ, ಹುಚ್ಚು ಸಾಹಸಕ್ಕೂ ಇಳಿಯದೆ, ಗುಂಡಿಗಳಲ್ಲಿ ಭದ್ರವಾಗಿ ಕುಳಿತು, ಮುಂಜಾನೆಯವರೆಗೆ ಕಾಲ ತಳ್ಳಿದ್ದೇ ಆ ರಾತ್ರಿಯ ನಿಜವಾದ ಸಾಧನೆ. ಚಿತ್ರಕ್ಕೆ ಮಾತ್ರ ಅದು ಸಾಲಲಿಲ್ಲ. ಅಲ್ಲಿ ಪ್ರಮುಖ ಪಾತ್ರಗಳು ಒಂದರ ಹಿಂದೊಂದು ಪ್ರಾಣ ಬಿಡುತ್ತವೆ. ಹಾಗೆ ಸಾಯುವವರಲ್ಲಿ ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ಒಬ್ಬರು. ನಿಜವಾದ ಭೈರೋನ್ ಸಿಂಗ್ ರಾಠೋಡ್ ಆ ರಾತ್ರಿ ಕಾದಾಡಿ ಬದುಕಿ ಬಂದರು, 1972ರಲ್ಲಿ ಸೇನಾ ಪದಕ ಪಡೆದರು, ಚಿತ್ರ ಬಿಡುಗಡೆಯಾದ ನಂತರವೂ ಇಪ್ಪತ್ತೈದು ವರ್ಷ ಬಾಳಿ 2022ರ ಡಿಸೆಂಬರಿನಲ್ಲಿ ಜೋಧಪುರದಲ್ಲಿ ತೀರಿಕೊಂಡರು. ತಮ್ಮ ಹೆಸರನ್ನು ಹೊತ್ತ ಮನುಷ್ಯ ತೆರೆಯ ಮೇಲೆ ಸಾಯುವುದನ್ನು ಕಂಡು ದೇಶವೆಲ್ಲ ಕಣ್ಣೀರಿಡುತ್ತಿದ್ದಾಗ ಆ ವೀರ ತಮ್ಮ ನಾಡಿನಲ್ಲಿ ನಿವೃತ್ತ ಜೀವನ ನಡೆಸುತ್ತಿದ್ದರು.

ಇದರಲ್ಲಿ ಏನು ನಷ್ಟವಾಯಿತು ಎಂದು ಕೇಳುವವರಿದ್ದಾರೆ. ನಷ್ಟ ಎರಡು ಬಗೆಯದು. ಸತ್ತವನೇ ವೀರ, ಬದುಕಿ ಬಂದವನು ಅವನಿಗಿಂತ ಒಂದು ಕೈ ಕಡಿಮೆ ಎಂಬ ಭಾವನೆಯನ್ನು ಇಂಥ ಚಿತ್ರಗಳು ಜನರ ಮನಸ್ಸಿನಲ್ಲಿ ಬಿತ್ತುತ್ತವೆ. ತನ್ನ ಜವಾನರನ್ನು ಜೀವಸಹಿತ ಮನೆಗೆ ಕಳುಹಿಸುವುದು ಒಬ್ಬ ಕಂಪನಿ ಕಮಾಂಡರನ ದೊಡ್ಡ ಹೆಮ್ಮೆ. ಆ ಹೆಮ್ಮೆಯನ್ನು ಚಿತ್ರವು ಮೇಜರ್ ಚಾಂದ್‌ಪುರಿ ಅವರಿಂದ ಕಿತ್ತುಕೊಂಡಿತು. ಇನ್ನೊಂದು ನಷ್ಟ ಇದಕ್ಕಿಂತ ಮೌನವಾದದ್ದು. ಆ ರಾತ್ರಿ ನಿಜವಾಗಿ ಪ್ರಾಣ ಕೊಟ್ಟ ಇಬ್ಬರ ಹೆಸರುಗಳು ಕಲ್ಪಿತ ಸಾವುಗಳ ಗದ್ದಲದಲ್ಲಿ ಕಾಣೆಯಾದವು. ಚಿತ್ರ ನೋಡಿದ ನೂರು ಜನರನ್ನು ಕೇಳಿ, ಆ ಇಬ್ಬರು ಯಾರೆಂದು ಒಬ್ಬರೂ ಹೇಳಲಾರರು.

ಯುದ್ಧದಲ್ಲಿ ಮಡಿದವರನ್ನು ನೆನೆಯುವ ಪದ್ಧತಿ ನಮ್ಮ ನಾಡಿನಲ್ಲಿ ಸಿನಿಮಾಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು. ಬೇಗೂರಿನ ಗುಡಿಯಲ್ಲಿರುವ, ಸುಮಾರು ಕ್ರಿ.ಶ. 900ರ ಕಾಲದ ಶಾಸನವು ‘ಬೆಂಗಳೂರು ಕಾಳಗ’ದಲ್ಲಿ ಸತ್ತವನೊಬ್ಬನನ್ನು ನೆನೆಯುತ್ತದೆ. ನಮ್ಮ ಊರಿನ ಹೆಸರು ಅಷ್ಟು ಹಿಂದೆ ನಮಗೆ ದೊರೆಯುವುದು ಹೀಗೊಂದು ಸಾವಿನ ದಾಖಲೆಯಲ್ಲಿ. ಅದೇ ಬೇಗೂರಿನಿಂದ ತಂದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಿರುವ ದೊಡ್ಡ ವೀರಗಲ್ಲು, ಗಂಗರ ಎರೆಯಪ್ಪನ ಮಾತಿನಂತೆ ಹೊರಟ ನಾಗತ್ತರನು ಯಾರಿಗೆ ನೆರವಾಗಲು, ಯಾರ ವಿರುದ್ಧ, ಯಾವ ಊರಿನಲ್ಲಿ ಕಾದಾಡಿ ಮಡಿದನೆಂಬುದನ್ನು ಹೆಸರು ಹೆಸರಾಗಿ ಹೇಳುತ್ತದೆ. ಸಾಮಾನ್ಯವಾಗಿ ನಮ್ಮ ವೀರಗಲ್ಲುಗಳಲ್ಲಿ ಮೂರು ಹಂತಗಳಿರುತ್ತವೆ. ಕೆಳಗಿನ ಹಂತದಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಅಪ್ಸರೆಯರು ಕರೆದೊಯ್ಯುವ ನೋಟ, ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವುದು. ಶಿಲ್ಪಿ ತನ್ನ ಕಲ್ಪನೆ ಮತ್ತು ಭಕ್ತಿಗೆ ಮೇಲಿನ ಎರಡು ಹಂತಗಳನ್ನು ಬಿಟ್ಟುಕೊಟ್ಟು, ಕೆಳಗಿನದನ್ನು ಊರಿನವರೆಲ್ಲ ಬಲ್ಲ ಸಂಗತಿಗೆ ಮೀಸಲಿಟ್ಟ. ಹಂತಗಳ ನಡುವೆ ಒಂದು ಪಟ್ಟಿ. ಬರಹವಿದ್ದರೆ ಹೆಚ್ಚಾಗಿ ಆ ಪಟ್ಟಿಯ ಮೇಲೆ. ನೋಡುವವನಿಗೆ ಎಲ್ಲಿಯವರೆಗೆ ನಡೆದದ್ದು, ಎಲ್ಲಿಂದ ಮುಂದೆ ನಮ್ಮ ಆಶಯ ಎಂಬುದರಲ್ಲಿ ಗೊಂದಲವಿರುತ್ತಿರಲಿಲ್ಲ. ಇಂದಿನ ಯುದ್ಧ ಚಿತ್ರ ಆ ಪಟ್ಟಿಯನ್ನು ಅಳಿಸಿಹಾಕಿ ಮೂರನ್ನೂ ಒಂದೇ ಮಾಡಿದೆ. ಮೇಲಿನ ಹಂತವನ್ನು ನಿರ್ದೇಶಕರು ಎಷ್ಟು ಬೇಕಾದರೂ ಎತ್ತರಿಸಲಿ. ಕೆಳಗಿನದಕ್ಕೆ ಕೈ ಹಚ್ಚದಿರಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.

ಕನ್ನಡಿಗರಿಗೆ ಹೆಚ್ಚು ಹತ್ತಿರದ ಉದಾಹರಣೆಯೊಂದಿದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟ ನಮ್ಮ ಮಿಸ್ಟೇರ್ ವಿಮಾನಗಳ ತಂಡಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರನ್ನು ಮೀಸಲು ಪೈಲಟ್ ಆಗಿ ನೇಮಿಸಲಾಗಿತ್ತು, ಕೊನೆಗೆ ಅವರೂ ಹಾರಿದರು. ಆ ದಾಳಿಯ ವೇಳೆ ಅವರಿಗೆ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಎದುರಾಯಿತು. ವೇಗದಲ್ಲಾಗಲಿ ಆಯುಧದಲ್ಲಾಗಲಿ ಮಿಸ್ಟೇರ್ ಅದಕ್ಕೆ ಸಾಟಿಯಲ್ಲ. ದೇವಯ್ಯ ಓಡದೆ ತಿರುಗಿಬಿದ್ದು ಅದನ್ನು ಉರುಳಿಸಿದರು. ಅದರ ಪೈಲಟ್ ಪ್ಯಾರಾಚೂಟಿನಿಂದ ಪಾರಾದರು, ದೇವಯ್ಯ ಮರಳಲಿಲ್ಲ. ಅವರ ಕೊನೆ ಹೇಗಾಯಿತೆಂಬುದು ನಮ್ಮವರಿಗೆ ವರ್ಷಗಟ್ಟಲೆ ತಿಳಿದೇ ಇರಲಿಲ್ಲ. ಪಾಕಿಸ್ತಾನದ ಕಡೆಯ ಮಾಹಿತಿಯನ್ನು ಆಧರಿಸಿ ಬ್ರಿಟಿಷ್ ಲೇಖಕರೊಬ್ಬರು ಬರೆದ ಪುಸ್ತಕ 1979ರಲ್ಲಿ ಹೊರಬಂದ ಮೇಲೆ ವಿಷಯ ಬೆಳಕಿಗೆ ಬಂತು. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ, ಅಂದರೆ ಇಪ್ಪತ್ಮೂರು ವರ್ಷಗಳ ನಂತರ.

2025ರ ಜನವರಿಯಲ್ಲಿ ಬಿಡುಗಡೆಯಾದ ‘ಸ್ಕೈ ಫೋರ್ಸ್’ ಈ ಸಂಗತಿಯನ್ನೇ ಕಥೆಯಾಗಿಸಿಕೊಂಡಿದೆ. ಆದರೆ ಅದರಲ್ಲಿ ಅಜ್ಜಮಾಡ ದೇವಯ್ಯ ಎಂಬ ಹೆಸರಿನ ಪಾತ್ರವಿಲ್ಲ; ಟಿ. ಕೃಷ್ಣ ವಿಜಯ ಎಂಬ ಹೆಸರಿನ ಪೈಲಟ್ ಇದ್ದಾನೆ. ಇಪ್ಪತ್ಮೂರು ವರ್ಷ ಮಾನ್ಯತೆಗಾಗಿ ಕಾದ ಹೆಸರದು. ಮಡಿಕೇರಿಯ ವೃತ್ತಕ್ಕೆ ಇಟ್ಟು ಊರಿನವರು ಉಳಿಸಿಕೊಂಡು ಬಂದ ಹೆಸರದು. ದೇಶದ ಅಷ್ಟೂ ಪ್ರೇಕ್ಷಕರಿಗೆ ಅದನ್ನು ತಲುಪಿಸುವ ಅವಕಾಶ ಬಂದಾಗ ಬದಲಾಯಿಸಿದ್ದು ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ. ಹೆಸರು ಬದಲಾಯಿಸಿದರೆ ಕಥೆಯನ್ನು ಬೇಕಾದಂತೆ ತಿರುಗಿಸಿಕೊಳ್ಳುವ ಸ್ವಾತಂತ್ರ್ಯ ಸಿಗುತ್ತದೆ, ‘ನೈಜ ಘಟನೆ’ ಎಂಬ ಪ್ರಚಾರದಿಂದ ಟಿಕೆಟೂ ಮಾರಾಟವಾಗುತ್ತದೆ. ಎರಡರ ಲಾಭವನ್ನೂ ಒಟ್ಟಿಗೆ ಪಡೆಯುವುದು ನ್ಯಾಯವಲ್ಲ. ಇಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ದೇವಯ್ಯನವರ ಶೌರ್ಯ ನಮಗೆ ತಿಳಿದದ್ದೇ ಎದುರಾಳಿಗಳು ತಮ್ಮ ನಷ್ಟವನ್ನು ಮುಚ್ಚಿಡದೆ ಹೇಳಿದ್ದರಿಂದ. ಹೀಗಿರುವಾಗ ಎದುರು ಪಕ್ಷದವರನ್ನೆಲ್ಲ ಹಲ್ಲು ಕಡಿಯುವ ದುಷ್ಟರಂತೆ, ಇಲ್ಲವೇ ನಮ್ಮವರ ಹೆಸರು ಕೇಳಿದರೆ ನಡುಗುವ ಹೇಡಿಗಳಂತೆ ಚಿತ್ರಿಸುವುದು ನಮ್ಮ ವೀರರಿಗೇ ಮಾಡುವ ಅವಮಾನ. ಹೇಡಿಯನ್ನು ಸೋಲಿಸಿದವನಿಗೆ ಯಾವ ಹೆಗ್ಗಳಿಕೆ?

ಇಂಥ ತಿದ್ದುಪಡಿ ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ಜರ್ಮನರ ಎನಿಗ್ಮಾ ಗೂಢಲಿಪಿ ಯಂತ್ರವನ್ನು 1941ರ ಮೇ ತಿಂಗಳಿನಲ್ಲಿ ಜಲಾಂತರ್ಗಾಮಿಯೊಂದರಿಂದ ವಶಪಡಿಸಿಕೊಂಡವರು ಬ್ರಿಟಿಷ್ ನಾವಿಕರು. ಅಮೆರಿಕ ಆಗಿನ್ನೂ ಯುದ್ಧಕ್ಕೇ ಇಳಿದಿರಲಿಲ್ಲ. 2000ದಲ್ಲಿ ಬಂದ ಹಾಲಿವುಡ್ ಚಿತ್ರ ‘ಯು-571’ ಇಂಥದೇ ಸಾಹಸವನ್ನು ಅಮೆರಿಕನ್ನರ ಹೆಸರಿಗೆ ಬರೆಯಿತು. ಆ ವಿಷಯ ಬ್ರಿಟನ್ನಿನ ಸಂಸತ್ತಿನವರೆಗೆ ಹೋಯಿತು, ಅಲ್ಲಿನ ಪ್ರಧಾನಿಯೂ ಅಸಮಾಧಾನ ತೋರಿದರು.

ಯಾರಿಗಾಗಿ ಹೋರಾಡಿದರು ಎಂಬ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. 1897ರ ಸೆಪ್ಟೆಂಬರ್ 12ರಂದು, ಇಂದಿನ ಪಾಕಿಸ್ತಾನದಲ್ಲಿರುವ ಸಾರಾಗಢಿ ಠಾಣೆಯಲ್ಲಿ ಹವಾಲ್ದಾರ್ ಈಶರ್ ಸಿಂಗ್ ಮತ್ತು ಅವರ ಜೊತೆಗಿದ್ದವರು, ಒಟ್ಟು 21 ಮಂದಿ, ಸಾವಿರಾರು ಬುಡಕಟ್ಟು ಜನರೆದುರು ಕೊನೆಯ ಉಸಿರಿನವರೆಗೆ ನಿಂತರು. ಅವರ ಧೈರ್ಯದಲ್ಲಿ ಎರಡು ಮಾತಿಲ್ಲ. ಆದರೆ ಅವರು ಬ್ರಿಟಿಷ್ ಭಾರತದ ಸೇನೆಯ 36ನೇ ಸಿಖ್ ರೆಜಿಮೆಂಟಿನವರು, ಕಾಯುತ್ತಿದ್ದದ್ದು ಸಾಮ್ರಾಜ್ಯದ ಗಡಿಯನ್ನು, ಎದುರಿಗಿದ್ದ ಓರಕ್‌ಜೈ ಮತ್ತು ಅಫ್ರಿದಿ ಜನ ಆ ಸಾಮ್ರಾಜ್ಯ ತಮ್ಮ ಬೆಟ್ಟಗಳಿಗೆ ಕಾಲಿಟ್ಟಿದ್ದನ್ನು ಒಪ್ಪದವರು. 2019ರ ‘ಕೇಸರಿ’ ಚಿತ್ರದ ನಾಯಕ ಕೇಸರಿ ಪೇಟ ಸುತ್ತಿ ತನ್ನವರ ಮಾನಕ್ಕಾಗಿ ಹೋರಾಡುವವನಾಗುತ್ತಾನೆ, ಎದುರಿನವರು ಬರೀ ಕ್ರೂರಿಗಳಾಗುತ್ತಾರೆ. ಪರರ ಸೇನೆಯಲ್ಲಿ ಸಂಬಳಕ್ಕಿದ್ದೂ ಪ್ರಾಣಕ್ಕಿಂತ ಕೊಟ್ಟ ಮಾತು ದೊಡ್ಡದೆಂದು ನಿಂತ ಮನುಷ್ಯನ ಒಳಗೆ ಎಂಥ ತೊಳಲಾಟವಿದ್ದೀತು! ಅದನ್ನು ತೋರಿಸುವ ಅವಕಾಶವನ್ನು ಚಿತ್ರ ಕೈಬಿಟ್ಟಿತು.

ಇದೇ ಪ್ರಶ್ನೆ ನಮ್ಮ ಬೆಂಗಳೂರಿಗೂ ಬರುವುದಿದೆ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ದಳದವರ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ತುರ್ಕರಿಂದ ಬಿಡಿಸಿದ ಅಶ್ವದಳಗಳಲ್ಲಿ ಮೈಸೂರಿನವರದೂ ಒಂದು. ಈಟಿ ಕತ್ತಿ ಹಿಡಿದ ಸವಾರರು ಮಷಿನ್ ಗನ್ನುಗಳಿಗೆ ಎದುರಾಗಿ ನುಗ್ಗಿದ ಈ ಕಥೆಯನ್ನು ಯಾರಾದರೊಬ್ಬರು ಕನ್ನಡದಲ್ಲಿ ಚಿತ್ರ ಮಾಡಲೇಬೇಕೆಂಬುದು ನನ್ನ ಆಸೆ. ಹಾಗೆ ಮಾಡುವಾಗ ಎರಡು ಕಡೆ ಕೈ ಜಾರುವ ಅಪಾಯವಿದೆ. ಪಟ್ಟಣದೊಳಕ್ಕೆ ನುಗ್ಗಿದ ಮುಖ್ಯ ದಾಳಿ ಜೋಧಪುರದ ಸವಾರರದು, ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ಮಡಿದರು. ಕಾರ್ಮೆಲ್ ಬೆಟ್ಟದ ಮೇಲಿನ ತೋಪುಗಳತ್ತ ಹತ್ತಿದ್ದು ಮತ್ತು ಜೋಧಪುರದವರ ದಾಳಿಗೆ ಬೆಂಬಲ ಕೊಟ್ಟದ್ದು ಮೈಸೂರಿನವರು. ಅಭಿಮಾನದ ಭರದಲ್ಲಿ ಜೋಧಪುರದವರ ಪಾಲನ್ನು ನಮ್ಮವರಿಗೆ ಬರೆದುಕೊಳ್ಳುವುದು ಸುಲಭ. ಇನ್ನೊಂದು, ಆ ಸವಾರರು ಮೈಸೂರು ಸಂಸ್ಥಾನದವರಾದರೂ ಹೋರಾಡಿದ್ದು ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ. ಅವರ ಬಾಯಲ್ಲಿ ಸ್ವಾತಂತ್ರ್ಯ ಹೋರಾಟದ ಸಂಭಾಷಣೆ ತುರುಕುವ ಅಗತ್ಯವಿಲ್ಲ. ಊರಿನಿಂದ ಅಷ್ಟು ದೂರ, ತಮ್ಮದಲ್ಲದ ಜಗಳದಲ್ಲಿ ಪ್ರಾಣ ಕೊಟ್ಟವರೆಂಬ ಸತ್ಯವೇ ಪ್ರೇಕ್ಷಕನ ಮನಸ್ಸನ್ನು ಕಲಕಲು ಸಾಕು.

ಇನ್ನು ವೀರರ ಕುಂದುಗಳ ವಿಷಯ. ಇದರಲ್ಲಿ ನಮ್ಮ ಹಿಂದಿನವರು ನಮಗಿಂತ ಗಟ್ಟಿ ಮನಸ್ಸಿನವರಾಗಿದ್ದರು. ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಕಾವ್ಯ ಬರೆದ ಪಂಪ ಕರ್ಣನನ್ನು ಕೀಳಾಗಿಸಲಿಲ್ಲ. ಚಾಲುಕ್ಯ ದೊರೆಯನ್ನು ಭೀಮನೆಂದ ರನ್ನ ದುರ್ಯೋಧನನ ಛಲಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸಿದ. ಮಯೂರಶರ್ಮನ ಹೆಸರೆತ್ತಿದರೆ ನಮಗೆಲ್ಲ 1975ರ ಚಿತ್ರದ ಡಾ. ರಾಜ್‌ಕುಮಾರ್ ಅವರ ಮುಖವೇ ಕಣ್ಣಿಗೆ ಕಟ್ಟುತ್ತದೆ. ಆದರೆ ಅವನ ಬಗ್ಗೆ ನಮಗಿರುವ ಮುಖ್ಯ ಆಧಾರ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸ್ತಂಭ ಶಾಸನ. ಕುಬ್ಜನೆಂಬ ಕವಿ ಕದಂಬರ ವಂಶದವರಿಗಾಗಿಯೇ ರಚಿಸಿದ ಆ ಶಾಸನವು ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು, ಶ್ರೀಪರ್ವತದ ಕಾಡಿನಲ್ಲಿ ನೆಲೆಯೂರಿ ಪಲ್ಲವರನ್ನು ಕಾಡಿದ್ದು ಎಲ್ಲವನ್ನೂ ಹೇಳುತ್ತದೆ. ಅಲ್ಲಿಗೆ ನಿಲ್ಲಿಸದೆ, ಅವನು ಕೊನೆಗೆ ಅದೇ ಪಲ್ಲವರ ಸೇವೆಗೆ ಸೇರಿ, ಯುದ್ಧಗಳಲ್ಲಿ ಅವರನ್ನು ಮೆಚ್ಚಿಸಿ, ಅವರಿಂದಲೇ ಪಟ್ಟವನ್ನೂ ಪಶ್ಚಿಮ ಸಮುದ್ರದವರೆಗಿನ ನೆಲವನ್ನೂ ಪಡೆದನೆಂದೂ ಹೇಳುತ್ತದೆ. ಅವಮಾನಕ್ಕೆ ಸೇಡು ತೀರಿಸಿಕೊಳ್ಳುವೆನೆಂದು ಹೊರಟವನು ರಾಜಿ ಮಾಡಿಕೊಂಡು ರಾಜನಾದ. ಸ್ವಂತ ವಂಶದವರು ಕಲ್ಲಿನಲ್ಲಿ ಕೆತ್ತಿಸಲು ಹಿಂಜರಿಯದ ಈ ಮಾತನ್ನು ಹೇಳಲು ಇಂದಿನ ಚಿತ್ರಕಥೆಗಾರ ಅಳುಕುತ್ತಾನೆ. ಆ ರಾಜಿಯ ಹಿಂದಿನ ಲೆಕ್ಕಾಚಾರ, ಆಯಾಸ, ಜಾಣತನ, ಇವುಗಳಲ್ಲಿ ಎಷ್ಟು ದೊಡ್ಡ ನಾಟಕ ಅಡಗಿದೆ!

ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರ ಬಗ್ಗೆ ನಮ್ಮವರಿಗೆ ಗೊತ್ತಿರುವುದು ತಿರುಚಿನಾಪಳ್ಳಿಯ ಜಟ್ಟಿಯನ್ನು ಸೋಲಿಸಿದ ಕಥೆ. ಅವರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಮಧುರೆಯ ನಾಯಕರ ಮೇಲೆ ಹೋದ ಮೈಸೂರು ಸೈನ್ಯ ಸಿಕ್ಕವರ ಮೂಗು ಕೊಯ್ಯುತ್ತಿತ್ತೆಂದೂ, ಮಧುರೆಯವರು ಅದೇ ರೀತಿ ಸೇಡು ತೀರಿಸಿಕೊಂಡರೆಂದೂ ಆ ಕಾಲದ ಜೆಸ್ವಿಟ್ ಪಾದ್ರಿಗಳು ಬರೆದಿಟ್ಟಿದ್ದಾರೆ. ಇತಿಹಾಸಕಾರರು ಅದನ್ನು ಮೂಗು ಕೊಯ್ಯುವ ಯುದ್ಧವೆಂದೇ ಕರೆಯುತ್ತಾರೆ. ಯಾವ ತೆರೆಯ ಮೇಲೂ ನಾನು ಇದನ್ನು ನೋಡಿಲ್ಲ. ಟಿಪ್ಪು ಸುಲ್ತಾನನ ವಿಷಯವಂತೂ ಹೇಳುವುದೇ ಬೇಡ. ಅವನನ್ನು ಪೂರ್ತಿ ಬಿಳಿಯಾಗಿ ಇಲ್ಲವೇ ಪೂರ್ತಿ ಕಪ್ಪಾಗಿ ಚಿತ್ರಿಸುವುದು ಬಿಟ್ಟರೆ ಮೂರನೆಯ ದಾರಿಯೇ ಇಲ್ಲವೆಂಬಂತಾಗಿದೆ. 1785ರಲ್ಲಿ ಕೊಡಗಿನ ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದವನೂ, 1791ರಲ್ಲಿ ಮರಾಠರ ಸೈನ್ಯದವರು ಶೃಂಗೇರಿ ಮಠವನ್ನು ದೋಚಿದಾಗ ಜಗದ್ಗುರುಗಳಿಗೆ ವಿನಯದಿಂದ ಪತ್ರ ಬರೆದು ನೆರವು ಕಳಿಸಿದವನೂ ಅದೇ ಮನುಷ್ಯ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಅದು ಇತಿಹಾಸವೂ ಆಗದು, ಒಳ್ಳೆಯ ಕಥೆಯೂ ಆಗದು. ಎರಡನ್ನೂ ಹೇಳುವ ಧೈರ್ಯ ತೋರಿದ ಚಿತ್ರವನ್ನು ಎರಡೂ ಕಡೆಯವರು ಬೈಯಬಹುದು, ಆದರೂ ಅದು ಬಹಳ ವರ್ಷ ಉಳಿಯುತ್ತದೆ.

ನಾಯಕನ ದೋಷ ತೋರಿಸಿದರೆ ಚಿತ್ರ ಸೋಲುತ್ತದೆಂಬ ಭಯಕ್ಕೆ ಆಧಾರವಿಲ್ಲ. ಅಮೆರಿಕದ ಜನರಲ್ ಪ್ಯಾಟನ್ 1943ರ ಆಗಸ್ಟಿನಲ್ಲಿ ಸಿಸಿಲಿಯ ಸೇನಾ ಆಸ್ಪತ್ರೆಗಳಲ್ಲಿ ಮನಸ್ಸು ಜರ್ಜರಿತವಾಗಿದ್ದ ಸೈನಿಕರ ಕಪಾಳಕ್ಕೆ ಹೊಡೆದವರು. 1970ರ ‘ಪ್ಯಾಟನ್’ ಚಿತ್ರ ಆ ಹೊಡೆತವನ್ನು ಮರೆಮಾಚದೆ ಕಥೆಯ ನಡುವಿಗೇ ತಂದಿತು. ಅದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು, ಪ್ಯಾಟನ್ನರ ಯುದ್ಧ ಚಾತುರ್ಯದ ಮೇಲಿನ ಗೌರವ ಯಾರಿಗೂ ಕಡಿಮೆಯಾಗಲಿಲ್ಲ. ಆದರೆ ದೋಷವೂ ಆ ಮನುಷ್ಯನದೇ ಆಗಿರಬೇಕು. ಕಥೆ ರಂಗೇರಲೆಂದು ಹೊರಗಿನಿಂದ ತಂದು ಅಂಟಿಸುವಂಥದ್ದಲ್ಲ. 1957ರ ‘ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್’ ಚಿತ್ರದಲ್ಲಿ ಸೆರೆಯಲ್ಲಿದ್ದ ಬ್ರಿಟಿಷ್ ಕರ್ನಲ್ ಜಪಾನೀಯರ ಥಾಯ್ಲೆಂಡ್-ಬರ್ಮಾ ರೈಲು ಮಾರ್ಗಕ್ಕೆ ಉತ್ತಮ ಸೇತುವೆ ಕಟ್ಟಿಕೊಡುವ ಹಟಕ್ಕೆ ಬೀಳುತ್ತಾನೆ. ನಿಜವಾಗಿ ಅಲ್ಲಿದ್ದ ಹಿರಿಯ ಅಧಿಕಾರಿ ಫಿಲಿಪ್ ಟೂಸಿ ಕೆಲಸ ಕೆಡಿಸಲು ಮತ್ತು ತಮ್ಮವರ ಜೀವ ಉಳಿಸಲು ಮಾಡಿದ ಪ್ರಯತ್ನವನ್ನು ಬಲ್ಲ ಮಾಜಿ ಸೆರೆಯಾಳುಗಳಿಗೆ ಆ ಚಿತ್ರ ನೋವು ತಂದಿತು. ಅದೇ ರೈಲು ಮಾರ್ಗದಲ್ಲಿ ದುಡಿದು ಸತ್ತ ಅಸಂಖ್ಯ ಏಷ್ಯನ್ ಕೂಲಿಗಳಿಗೆ, ಅವರಲ್ಲಿದ್ದ ಮಲಯದ ತಮಿಳರಿಗೆ, ಆ ಚಿತ್ರದಲ್ಲಿ ಜಾಗವೇ ಇಲ್ಲವೆನ್ನಬಹುದು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಸೇನೆಯನ್ನು ಕುರಿತ ಚಿತ್ರಗಳಿಗೆ ನಿರಾಕ್ಷೇಪಣಾ ಪತ್ರ ಪಡೆಯಬೇಕೆಂದು ರಕ್ಷಣಾ ಸಚಿವಾಲಯ 2020ರಲ್ಲಿ ಸೆನ್ಸಾರ್ ಮಂಡಳಿಗೆ ತಿಳಿಸಿತು. ಅದೇ ವರ್ಷ ಕಾರ್ಗಿಲ್ ಕಾಲದ ಹೆಲಿಕಾಪ್ಟರ್ ಪೈಲಟ್ ಗುಂಜನ್ ಸಕ್ಸೇನಾ ಅವರ ಕುರಿತ ಚಿತ್ರದಲ್ಲಿ ವಾಯುಪಡೆಯೊಳಗೆ ಹೆಣ್ಣುಮಕ್ಕಳಿಗೆ ತಾರತಮ್ಯವಾಯಿತೆಂದು ತೋರಿಸಿದ್ದಕ್ಕೆ ವಾಯುಪಡೆ ಪತ್ರ ಬರೆದು ಆಕ್ಷೇಪಿಸಿತು. ಆ ಚಿತ್ರದಲ್ಲಿ ಉತ್ಪ್ರೇಕ್ಷೆ ಇದ್ದದ್ದು ನಿಜ. ಕಾರ್ಗಿಲ್ ಕಾರ್ಯಾಚರಣೆಯಲ್ಲಿ ಹಾರಾಟ ನಡೆಸಿದ ಇನ್ನೊಬ್ಬ ಮಹಿಳಾ ಪೈಲಟ್ ಶ್ರೀವಿದ್ಯಾ ರಾಜನ್ ಅವರನ್ನು ಬದಿಗೆ ಸರಿಸಿ ನಾಯಕಿಯನ್ನು ಒಂಟಿಯಾಗಿ ನಿಲ್ಲಿಸಿದ್ದೂ ನಿಜ. ಅಷ್ಟರಮಟ್ಟಿಗೆ ಆಕ್ಷೇಪ ಸರಿಯೇ. ಆದರೆ ಹೊಗಳಿಕೆಯ ದಿಕ್ಕಿನಲ್ಲಿ ಸುಳ್ಳು ಹೇಳಿದ ಚಿತ್ರದ ಬಗ್ಗೆ, ಬದುಕಿದ್ದ ಜವಾನನನ್ನು ಸಾಯಿಸಿದ ಚಿತ್ರದ ಬಗ್ಗೆ, ಅಧಿಕಾರದಲ್ಲಿರುವವರು ಹೀಗೆ ಪತ್ರ ಬರೆದದ್ದನ್ನು ನಾನು ಕೇಳಿಲ್ಲ. ನಿಖರತೆಯ ಕಾಳಜಿ ಇರುವುದಾದರೆ ಅದು ಎರಡೂ ದಿಕ್ಕಿಗೆ ಇರಬೇಕು. ಕುಂದು ತೋರಿಸಿದಾಗ ಮಾತ್ರ ಅದು ಎಚ್ಚರಗೊಂಡರೆ ನಿರ್ಮಾಪಕರು ಸುರಕ್ಷಿತ ದಾರಿ ಹಿಡಿದು ಕುಂದಿಲ್ಲದ ಗೊಂಬೆಗಳನ್ನೇ ತಯಾರಿಸುತ್ತಾರೆ.

‘ಇದು ಸಿನಿಮಾ, ಪಠ್ಯಪುಸ್ತಕವಲ್ಲ’ ಎಂಬ ಉತ್ತರ ನನಗೆ ಗೊತ್ತಿದೆ. ತರಗತಿಯಲ್ಲಿ ನಿಂತವರಿಗೆ ಅದರ ಇನ್ನೊಂದು ಮುಖವೂ ಗೊತ್ತಿದೆ. ಕಿತ್ತೂರಿನ ಮೇಲೆ ಇಂಗ್ಲಿಷರು ಏರಿ ಬಂದದ್ದಕ್ಕೆ ಲಾರ್ಡ್ ಡಾಲ್‌ಹೌಸಿಯ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ಎಂಬ ನೀತಿ ಕಾರಣವೆಂದು ಬರೆದ ಉತ್ತರಗಳನ್ನು ನಾನು ಬಹಳ ತಿದ್ದಿದ್ದೇನೆ. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತದ್ದು 1824ರಲ್ಲಿ, ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದದ್ದು 1848ರಲ್ಲಿ. ಹೀಗೆಂದು ತೋರಿಸಿದಾಗ ಮಕ್ಕಳು ಪುಸ್ತಕದ ಹೆಸರು ಹೇಳುತ್ತಿರಲಿಲ್ಲ, ಎಲ್ಲೋ ನೋಡಿದೆವು ಎನ್ನುತ್ತಿದ್ದರು. ನೋಡಿದ್ದು ಓದಿದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ; ಚಿತ್ರ ಮಾಡುವವರ ಹೊಣೆ ಪುಸ್ತಕ ಬರೆಯುವವರ ಹೊಣೆಗಿಂತ ಕಡಿಮೆಯದಲ್ಲ.

ಆದ್ದರಿಂದ ಚಿತ್ರ ನಿರ್ಮಿಸುವವರಲ್ಲಿ ನನ್ನ ಕೋರಿಕೆ ಇದು. ಆರಂಭದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುವ ಸಣ್ಣ ಅಕ್ಷರದ ಇಂಗ್ಲಿಷ್ ಹೇಳಿಕೆಯ ಬದಲು, ಚಿತ್ರದ ಕೊನೆಯಲ್ಲಿ, ಓದಲು ಸಾಕಷ್ಟು ಹೊತ್ತು, ಕನ್ನಡದಲ್ಲಿ ನಾಲ್ಕು ಸಾಲು ಹಾಕಿ: ಈ ಪಾತ್ರಗಳು ಕಲ್ಪಿತ, ಇವರು ನಿಜವಾಗಿ ಬದುಕಿ ಬಂದರು, ಈ ಕಾಳಗದಲ್ಲಿ ಮಡಿದವರ ಹೆಸರುಗಳು ಇವು. ಇದಕ್ಕೆ ಹಣ ಬೇಕಿಲ್ಲ, ಮನಸ್ಸು ಬೇಕು. ಮುಂದೆ ಯಾರಾದರೂ ನಮ್ಮ ಜನರಲ್ ತಿಮ್ಮಯ್ಯನವರ ಬದುಕನ್ನು ಚಿತ್ರವಾಗಿಸಿದರೆ, 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ ಅವರ ಸಾಹಸದೊಂದಿಗೆ, ಆ ಟ್ಯಾಂಕುಗಳಿಗೆ ದಾರಿ ಕಡಿದ ಮದ್ರಾಸ್ ಸ್ಯಾಪರ್ಸ್ ದಳದವರನ್ನೂ ತೋರಿಸಲಿ; ಆ ದಳದ ನೆಲೆ ಇರುವುದು ನಮ್ಮ ಹಲಸೂರಿನ ಬಳಿಯಲ್ಲೇ. 1959ರಲ್ಲಿ, ಭೂಸೇನೆಯ ಮುಖ್ಯಸ್ಥರಾಗಿದ್ದಾಗ, ರಕ್ಷಣಾ ಸಚಿವರೊಂದಿಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟ ತಿಮ್ಮಯ್ಯನವರು ನೆಹರೂ ಅವರ ಮಾತಿಗೆ ಒಪ್ಪಿ ಅದನ್ನು ಹಿಂದಕ್ಕೆ ಪಡೆದದ್ದನ್ನೂ ಬಿಡದೆ ತೋರಿಸಲಿ. ಅದು ಸರಿಯೋ ತಪ್ಪೋ ಎಂದು ಇಂದಿಗೂ ಚರ್ಚೆಯಾಗುತ್ತದೆ. ಆ ಅಳುಕನ್ನು ಕಂಡ ಮೇಲೂ ಪ್ರೇಕ್ಷಕ ಅವರನ್ನು ಪ್ರೀತಿಸುತ್ತಾನೆಂಬ ನಂಬಿಕೆ ನನಗಿದೆ.

ತಮ್ಮಲ್ಲಿಯೂ ಒಂದು ವಿನಂತಿ. ಯುದ್ಧದ ಅಥವಾ ಐತಿಹಾಸಿಕ ಚಿತ್ರದ ವಿಮರ್ಶೆ ಪ್ರಕಟಿಸುವ ದಿನ, ಅದರ ಪಕ್ಕದಲ್ಲಿ ನೂರು ನೂರೈವತ್ತು ಪದಗಳ ಒಂದು ಪುಟ್ಟ ಟಿಪ್ಪಣಿಗೆ ಜಾಗ ಕೊಡಿ. ಯಾವುದು ನಡೆದದ್ದು, ಯಾವುದು ಹೊಸೆದದ್ದು ಎಂಬುದನ್ನು ಆ ವಿಷಯ ಬಲ್ಲವರಿಂದ ಬರೆಸಿ. ಬೆಂಗಳೂರಿನಲ್ಲಿ ನಿವೃತ್ತ ಸೇನಾಧಿಕಾರಿಗಳಿಗೂ ಇತಿಹಾಸದ ಅಧ್ಯಾಪಕರಿಗೂ ಶಾಸನ ಓದಬಲ್ಲವರಿಗೂ ಕೊರತೆಯಿಲ್ಲ. ಕೇಳಿದರೆ ಬಹುಮಂದಿ ಸಂಭಾವನೆಯನ್ನೂ ನಿರೀಕ್ಷಿಸದೆ ಬರೆದುಕೊಡುತ್ತಾರೆ. ಮುಂದಿನ ಗಣರಾಜ್ಯೋತ್ಸವದ ವೇಳೆಗೆ ಬರುವ ಚಿತ್ರದಿಂದಲೇ ಇದನ್ನು ಆರಂಭಿಸಬಹುದೆಂದು ನನ್ನ ಸಲಹೆ.

ಇಂತಿ,
ಇತಿಹಾಸದ ನಿವೃತ್ತ ಉಪನ್ಯಾಸಕ,
ಬಸವನಗುಡಿ, ಬೆಂಗಳೂರು